ಒದ್ದೆ ಬುಷ್ಷಿನ ವಾಕರ್

3, ಸೋಮವಾರ

ಇವತ್ತೂ ಅದೇ ಕೋಣೆ, ಕಾಲು ಅಲುಗುವ ಅದೇ ಮೇಜು. ಮೂರನೇ ರಿಜಿಸ್ಟರ್ ಮುಗಿಯಿತು. ಲೆಕ್ಕ ಪೈಸೆಗೆ ಪೈಸೆ ಸರಿ ಇದೆ. ಸ್ವಲ್ಪ ನಿರಾಸೆಯೇ ಆಯಿತು, ಬರೆಯಲು ನಾಚಿಕೆ. ವಿಮಾ ಕಂಪನಿಯ ಕ್ಲೇಮ್ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಕುಳಿತವಳು. ಎಲ್ಲ ಸರಿ ಇದೆ ಅಂದರೆ ನನಗೆ ನಿದ್ದೆ ಬರುವುದಿಲ್ಲ.

ಕೆಲಸ ಇಷ್ಟೇ. ಲೈಬ್ರರಿ ಹಿಂದಿನ ಈ 'ನೆರವು ಕೋಣೆ' ಕಾಯಿಲೆಯವರಿಗೆ ವೀಲ್‌ಚೇರ್, ವಾಕರ್, ತಲೆ ಕಡೆ ಎತ್ತುವ ಮಂಚ, ಎಲ್ಲ ಪುಕ್ಕಟೆ ಕೊಡುತ್ತದೆ. ಕೆಲಸ ಮುಗಿದ ಮೇಲೆ ವಾಪಸ್ ತರಬೇಕು. ಖರ್ಚೆಲ್ಲ ಮೆಡಿಕಲ್ ಶಾಪ್ ಯಜಮಾನರದ್ದು. ಇದರಿಂದ ನಿಜವಾಗಿ ಪ್ರಯೋಜನ ಆಗುತ್ತಿದೆಯೇ ಅಂತ ಅವರಿಗೀಗ ಅನುಮಾನ ಬಂದಿದೆ. ರಿಟೈರಾಗಿ ತಣ್ಣಗೆ ಕುಳಿತಿದ್ದವಳ ಕೊರಳಿಗೆ ಗಂಟು ಬಿತ್ತು. 22ರೊಳಗೆ ಒಂದು ಪುಟದ ವರದಿ ಬೇಕು. ನಡೆಸುವುದೋ, ಬೀಗ ಹಾಕುವುದೋ.

ಒಂದೇ ಒಂದು ವಿಚಿತ್ರ. ತಿಂಗಳು ತಿಂಗಳು ಬಣ್ಣದ ಬಿಲ್ಲು. ರಿಪೇರಿಗಿಂತ ಬಣ್ಣಕ್ಕೇ ಜಾಸ್ತಿ. ವಾಕರಿಗೆ ಯಾಕಪ್ಪ ಇಷ್ಟು ಶೃಂಗಾರ?

4, ಮಂಗಳವಾರ

ಸ್ಪ್ಯಾನರನ್ನು ಕೇಳಿದೆ. (ಕೋಣೆ ನೋಡಿಕೊಳ್ಳುವವರು. ಮೊದಲು ಸೈಕಲ್ ಅಂಗಡಿ ಇತ್ತಂತೆ. ಅಂಗಿಯ ಜೇಬಿನಲ್ಲಿ ಪೆನ್ನಿಲ್ಲ, ಸ್ಪ್ಯಾನರ್ ಇದೆ.)

"ಬಣ್ಣ ಬೇಕಾಗುತ್ತೆ ಮೇಡಂ."

"ಯಾಕೆ?"

"ಬೇಕಾಗುತ್ತೆ."

ಅಲ್ಲಿಗೆ ಮುಗಿಯಿತು. ಇನ್ನೊಂದು ತಲೆನೋವು. ರಿಜಿಸ್ಟರಿನಲ್ಲಿ 'ಕೊಟ್ಟ ದಿನ', 'ವಾಪಸ್ ಬಂದ ದಿನ' ಇವೆ. ಯಾಕೆ ವಾಪಸ್ ಅಂತ ಎಲ್ಲೂ ಇಲ್ಲ. ಗುಣವಾಯಿತೇ? ಇಲ್ಲ, ಹೋಗಿಬಿಟ್ಟರೇ? ಎರಡಕ್ಕೂ ಒಂದೇ ಟಿಕ್ ಮಾರ್ಕು. ಇದರಿಂದ ಪ್ರಯೋಜನ ಅಳೆಯುವುದು ಹೇಗೆ?

"ಕೇಳಿ ಬರ್ಕೋಬಹುದಿತ್ತಲ್ಲ?" ಅಂದೆ.

"ವಾಪಸ್ ತಂದವರ ಮುಖ ನೋಡಿ ಯಾಕೆ ಅಂತ ಹೇಗೆ ಕೇಳ್ಲಿ ಮೇಡಂ?"

ಸಿಟ್ಟು ಬಂತು.

6, ಗುರುವಾರ, ಬೆಳಗ್ಗೆ 11.30

ಯಜಮಾನರ ಫೋನ್. ಗುಣ, ಸಾವು ಎಲ್ಲ ಅವರಿಗೆ ಬೇಡವಂತೆ. "ಕೊಟ್ಟಿದ್ದು ವಾಪಸ್ ಬರ್ತಿದೆಯಾ, ಅಷ್ಟು ಹೇಳಿ ಸಾಕು. ನೂರಕ್ಕೆ ತೊಂಬತ್ತು ಬಂದ್ರೆ ಇನ್ನು ಮೂರು ವರ್ಷ ನಡೆಸ್ತೀನಿ. ಇಲ್ಲ ಅಂದ್ರೆ ನಿಲ್ಲಿಸ್ತೀನಿ. ಜನರ ಮನೆ ಮೂಲೆ ತುಂಬಿಸೋಕೆ ನಾನು ದುಡ್ಡು ಕೊಡ್ಬೇಕಾ?"

ಸದ್ಯ, ಒಂದು ಅಂಕಿ ಸಿಕ್ಕಿತು. ಜೀವ ಬಂದಂತಾಯಿತು.

ಐದು ವರ್ಷದಲ್ಲಿ ಕೊಟ್ಟದ್ದು 212. ಬಂದದ್ದು 151. ಅಂದರೆ ಶೇಕಡಾ 71. ಬೀಗವೇ ಗತಿ.

7, ಶುಕ್ರವಾರ

ಬಾಕಿ ಇರುವ ಮನೆಗಳಿಗೆಲ್ಲ ಫೋನ್ ಮಾಡಲು ಶುರು ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: "ನೆರವು ಕೋಣೆಯಿಂದ ಮಾತಾಡ್ತಿದ್ದೀನಿ. ನೀವು ತಗೊಂಡಿದ್ದು ಇನ್ನೂ ಬಳಕೆಯಲ್ಲಿದೆಯಾ?"

ಒಬ್ಬರು ವಾಕರ್ ಮೇಲೆ ಬಟ್ಟೆ ಒಣಗಿಸುತ್ತಿದ್ದಾರೆ. ಇನ್ನೊಬ್ಬರ ಮನೆಯಲ್ಲಿ ವೀಲ್‌ಚೇರ್ ಬೆಕ್ಕಿನ ಪಾಲು. ಬೆಕ್ಕನ್ನು ಎಬ್ಬಿಸಿ ನಾಳೆಯೇ ತಂದುಕೊಡುತ್ತಾರಂತೆ! ನನ್ನ ಬಟ್ಟೆ ಹೊಲಿಯುವ ಟೈಲರ್ ಹುಡುಗಿಯ ನಂಬರೂ ಇತ್ತು. ಅವಳ ಅಮ್ಮನಿಗೆ ಎರಡು ವರ್ಷದಿಂದ ಒಂದು ವಾಕರ್.

"ಅಮ್ಮ ಅದನ್ನ ಹಿಡ್ಕೊಂಡೇ ಬಚ್ಚಲಿಗೆ ಹೋಗೋದು ಅಕ್ಕಾ," ಅಂದಳು.

"ಸರಿ ಸರಿ, ಬರ್ಕೊಂಡೆ," ಅಂದೆ. ಬರೆದುಕೊಂಡೆ ಕೂಡ.

10, ಸೋಮವಾರ

ಬಾಗಿಲ ಮುಂದೆ ಸಾಲು! ಆಟೋದಲ್ಲಿ, ತಳ್ಳುಗಾಡಿಯಲ್ಲಿ, ತಲೆ ಮೇಲೆ. ಸಂಜೆಯೊಳಗೆ 23. ಶೇಕಡಾ 82.

ಮನೆಗೆ ಬಂದು ಜಂಬ ಕೊಚ್ಚಿಕೊಂಡೆ. ಇವರು ಪೇಪರಿನಿಂದ ತಲೆ ಎತ್ತದೆ, "ನಿನ್ನ ಫೋನ್ ಬಂದ್ರೆ ನಾನೂ ಎದ್ದು ನಿಂತ್ಕೊಂಡೇ ಮಾತಾಡೋದು," ಅಂದರು. ನಕ್ಕೆ. ಆಗ ನಗು ಬಂತು.

12, ಬುಧವಾರ

ಒಟ್ಟು 40 ಬಂದವು. 191. ಶೇಕಡಾ 90.09. ಗೆದ್ದೆವು.

ಸ್ಪ್ಯಾನರ್ ಮಾತ್ರ ಮುಖ ಗಂಟು ಹಾಕಿಕೊಂಡಿದ್ದಾರೆ. ನಲವತ್ತರಲ್ಲಿ ಆರಕ್ಕೆ ಬಣ್ಣ ಹಚ್ಚಿ, ಡಬ್ಬದ ಮುಚ್ಚಳ ಬಡಿದು ಇಟ್ಟುಬಿಟ್ಟರು. ಉಳಿದವು ಹಾಗೇ ನಿಂತಿವೆ. ಕೊನೆಗೆ ಬಂದ ವಾಕರನ್ನು ತಲೆಕೆಳಗು ಮಾಡಿ ನನ್ನ ಮುಂದೆ ಹಿಡಿದರು. ಅದರ ಕಾಲಿನ ತುದಿಗೆ ಹಾಕುವ ರಬ್ಬರ್ ಬುಷ್ಷು.

"ಮುಟ್ಟಿ ನೋಡಿ."

ಮುಟ್ಟಿದೆ. ಒದ್ದೆ. ಸೋಪಿನ ಜಿಡ್ಡು.

"ತೊಳ್ದು ತಂದಿರ್ತಾರೆ," ಅಂದೆ.

ಅವರು ವಾಕರನ್ನು ಸಾಲಿನಲ್ಲಿ ನಿಲ್ಲಿಸಿ ಹೋದರು. 'ವಾಪಸ್' ಅಂತ ಟಿಕ್ ಹಾಕಿದೆ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಟೈಲರ್ ಹುಡುಗಿಯ ಹೆಸರಿತ್ತು. ಪಾಪ, ಅಮ್ಮ ಹೋಗಿಬಿಟ್ಟರೇನೋ… ಆದರೆ ಬಣ್ಣ, ಒದ್ದೆ ಬುಷ್ಷು, ಒಂದಕ್ಕೊಂದು ಕೂಡುತ್ತಿಲ್ಲ.

17, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ವರದಿಯ ಕರಡು ಐದು ಸಲ ಹರಿದೆ.

ಇವತ್ತು ತಡೆಯದೆ ಟೈಲರ್ ಮನೆಗೇ ಹೋದೆ. ಮಾತಾಡಿಸಿ ಬರೋಣ ಅಂತ. ಹೊಲಿಗೆ ಮೆಷಿನ್ ಹಿಂದಿನ ಗೋಡೆ ಹಿಡಿದುಕೊಂಡು ಅವಳ ಅಮ್ಮ ಬರುತ್ತಿದ್ದಾರೆ! ಒಂದೊಂದೇ ಹೆಜ್ಜೆ. ಬಚ್ಚಲ ತನಕ ಗೋಡೆಯ ಮೇಲೆ ಅಂಗೈಯಗಲದ ಹೊಸ ಕೊಳೆ.

"ವಾಕರ್ ಯಾಕೆ ಕೊಟ್ಟೆ?" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

"ನೀವೇ ಕೇಳಿದ್ರಲ್ಲ ಅಕ್ಕಾ."

"ನಾನೆಲ್ಲಿ ಕೇಳ್ದೆ? ಬಳಕೆಯಲ್ಲಿದೆಯಾ ಅಂದೆ ಅಷ್ಟೇ!"

"ಪುಕ್ಕಟೆ ಕೊಟ್ಟೋರು ಫೋನ್ ಮಾಡಿ ಬಳಸ್ತಿದ್ದೀರಾ ಅಂದ್ರೆ ಇನ್ನೇನು ಅರ್ಥ? ಎರಡು ವರ್ಷ ಇಟ್ಕೊಂಡಿದ್ದೀವಿ ಅಂತ ಅಮ್ಮನಿಗೆ ನಾಚಿಕೆ ಆಯ್ತು. ಬೆಳಗ್ಗೆ ಸ್ನಾನ ಆದಕೂಡ್ಲೇ ತಗೊಂಡು ಹೋಗು ಅಂದ್ರು."

ಅದಕ್ಕೇ ಬುಷ್ಷು ಒದ್ದೆ.

ಅದೇ ಹೆಜ್ಜೆಯಲ್ಲಿ ಕೋಣೆಗೆ ಬಂದೆ. ಇವತ್ತು ಸ್ಪ್ಯಾನರ್ ಬಾಯಿ ಬಿಟ್ಟರು. "ಬೀದಿ ಚಿಕ್ಕದು ಮೇಡಂ. ಯಾವ ಕುರ್ಚಿ ಯಾರ ಮನೇಲಿತ್ತು, ಆಮೇಲೆ ಏನಾಯ್ತು, ಎಲ್ಲರಿಗೂ ಗೊತ್ತು. ತೀರಿಹೋದವರ ಕುರ್ಚಿಯಲ್ಲಿ ಇನ್ನೊಬ್ಬ ಕಾಯಿಲೆಯವರು ಕೂರೋಕೆ ಹೆದರ್ತಾರೆ. ಅದಕ್ಕೇ ಬಣ್ಣ ಬದಲಾಯಿಸ್ತೀನಿ. ಗುಣ ಆದವರದ್ದಕ್ಕೆ ಹಚ್ಚಲ್ಲ. ಅದನ್ನ ಜನ ಕೇಳಿ ತಗೊಂಡು ಹೋಗ್ತಾರೆ."

ಅಂದರೆ ನಾನು ಹುಡುಕುತ್ತಿದ್ದ ಕಾಲಮ್ಮು ಬಣ್ಣದ ಬಿಲ್ಲಿನಲ್ಲೇ ಇತ್ತು. ಬಣ್ಣ ಹಚ್ಚಿದ್ದು ಹೋದವರದ್ದು, ಹಚ್ಚದ್ದು ಎದ್ದವರದ್ದು. ಸರಿ. ಒದ್ದೆ ಬುಷ್ಷಿನದ್ದು? ಅದು ಯಾವ ಕಾಲಮ್ಮು?

"ಇಂಥವು ಎಷ್ಟಿವೆ?"

"ಹದಿನೆಂಟಾದ್ರೂ ಇರ್ಬೇಕು."

ಅಲ್ಲೇ ಒಂದು ವೀಲ್‌ಚೇರ್ ಮೇಲೆ ಕುಳಿತೆ.

18, ಮಂಗಳವಾರ

ಬೆಳಗಿನಿಂದ ಒಂದೇ ಲೆಕ್ಕ. ಹದಿನೆಂಟನ್ನೂ ಅವರವರ ಮನೆಗೆ ಹಿಂದಿರುಗಿಸಿದರೆ 173, ಶೇಕಡಾ 81.6. ಕೋಣೆಗೆ ಬೀಗ. ಬೀಗ ಬಿದ್ದರೆ ನಾಳೆ ಬೇಕಾದವರಿಗೆ ಏನೂ ಇಲ್ಲ. ಬರೀ ಟೈಲರ್ ಮನೆಯದೊಂದನ್ನೇ ಕೊಟ್ಟರೆ 190. ಶೇಕಡಾ 89.6.

ಒಂದೇ ಒಂದು ವಾಕರ್!

"ತೊಂಬತ್ತು ಅಂತ ಬರಿಯೇ, ಯಾರ ಗಂಟು ಹೋಗುತ್ತೆ?" ಅಂದರು ಇವರು.

"ಮೂವತ್ತೊಂದು ವರ್ಷದಲ್ಲಿ ಒಂದ್ಸಲನೂ ಹಾಗೆ ಬರೆದಿಲ್ಲ," ಅಂದೆ.

ಯಜಮಾನರಿಗೆ ನಿಜ ಹೇಳೋಣ ಅಂತ ಫೋನ್ ಎತ್ತಿದೆ. ಅವರೇ ಮೊದಲು ಮಾತಾಡಿದರು. "ನಲವತ್ತು ಬಂತಂತೆ! ಭೇಷ್! ಶನಿವಾರ ನಾನೇ ಬಂದು ಕಣ್ಣಾರೆ ಎಣಿಸ್ತೀನಿ." "ಆಗಲಿ" ಅಂದು ಫೋನ್ ಇಟ್ಟುಬಿಟ್ಟೆ.

ಸಂಜೆ ಟೈಲರ್ ಮನೆಗೆ ಹೋಗಿ ಕೇಳಿಕೊಂಡೆ. ಶನಿವಾರ ಎಣಿಕೆ ಮುಗಿದ ತಕ್ಷಣ ವಾಕರ್ ನಾನೇ ತಂದುಕೊಡುತ್ತೇನೆ, ನಾಲ್ಕು ದಿನ ಹೇಗಾದರೂ… ಅಮ್ಮನೇ ನನಗೆ ಸಮಾಧಾನ ಹೇಳಿದರು. "ಅಯ್ಯೋ, ಗೋಡೆ ಎಲ್ಲಿಗೆ ಓಡಿಹೋಗುತ್ತಮ್ಮ? ಆ ಕೋಣೆ ಉಳೀಲಿ."

ಕೋಣೆಗೆ ಬಂದು ಇದನ್ನು ಹೇಳಿದಾಗ ಸ್ಪ್ಯಾನರ್ ನನ್ನನ್ನು ನೋಡಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ. ನಾಲ್ಕೇ ದಿನ.

22, ಶನಿವಾರ, ಬೆಳಗ್ಗೆ 9.50

ನಲವತ್ತನ್ನೂ ಸಾಲಾಗಿ ನಿಲ್ಲಿಸಿ ಒರೆಸಿದ್ದಾಯಿತು. ವರದಿ ಬ್ಯಾಗಿನಲ್ಲಿದೆ. ಟೈಲರ್ ಮನೆಯ ವಾಕರನ್ನು ಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದೇನೆ. ಹತ್ತಕ್ಕೆ ಎಣಿಕೆ, ಹತ್ತೂವರೆಗೆ ಅದು ಅವರ ಮನೆಯಲ್ಲಿರುತ್ತದೆ.

10.20

ಕಾಲು ಅಲುಗುವ ಮೇಜಿಗೇ ಬಂದು ಕುಳಿತಿದ್ದೇನೆ. ಬರೆದರೆ ಸಮಾಧಾನ ಆಗುತ್ತದೇನೋ.

ಟೈಲರ್ ಹುಡುಗಿ ಬಂದಿದ್ದಾಳೆ. ಯಜಮಾನರಿಗಿಂತ ಮೊದಲೇ ಬಂದಳು. ಕಾಲಿಗೆ ಚಪ್ಪಲಿ ಇಲ್ಲ. ವಾಕರ್ ಅವಳ ಪಕ್ಕದಲ್ಲೇ ಇತ್ತು. ಅದರ ಕಡೆ ನೋಡಲೂ ಇಲ್ಲ.

"ಅಕ್ಕಾ, ತಲೆ ಕಡೆ ಎತ್ತೋ ಮಂಚ ಇದೆಯಾ?"

ಅಮ್ಮ ಬಿದ್ದರಂತೆ, ಬೆಳಗ್ಗೆ ಆರಕ್ಕೆ. ಬಚ್ಚಲ ಹೊಸ್ತಿಲಲ್ಲಿ. ಗೋಡೆ ಒದ್ದೆ ಇತ್ತಂತೆ, ಕೈ ಜಾರಿತಂತೆ. ಸೊಂಟ ಮುರಿದಿದೆ. ಇನ್ನು ಏಳುವುದು ಕಷ್ಟ ಅಂದರಂತೆ ಡಾಕ್ಟರ್.

ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು.

ಸ್ಪ್ಯಾನರ್ ಒಳಗಿನಿಂದ ಮಂಚ ಎಳೆಯುತ್ತಿದ್ದಾರೆ. ಯಜಮಾನರು ಬಂದು ಎಣಿಸುತ್ತಿದ್ದಾರೆ, ಬೆರಳು ತೋರಿಸಿ, ಜೋರಾಗಿ. ಮೂವತ್ತೆಂಟು. ಮೂವತ್ತೊಂಬತ್ತು. ಬಾಗಿಲ ಹತ್ತಿರದ್ದಕ್ಕೆ ಬಂದರು.

"ನಲವತ್ತು! ಇದೂ ವಾಪಸ್ ಬಂದಿದ್ದೇ ತಾನೇ ಮೇಡಂ?"

ಹುಡುಗಿ ನನ್ನನ್ನೇ ನೋಡುತ್ತಿದ್ದಾಳೆ. ಪುಸ್ತಕ ಮುಚ್ಚಿ ಉತ್ತರ ಹೇಳಬೇಕು. ನಾನು…