ಕೊನೆಯ ಡ್ರಾಯರ್

ಸೆಪ್ಟೆಂಬರ್ 2, ಮಂಗಳವಾರ

ಜಡ್ಜ್ ಸಾಹೇಬರ ಮೇಜಿನ ಎರಡನೇ ಡ್ರಾಯರ್ ಮುಗಿಯಿತು. ಹಿಡಿಕೆ ಬಿಗಿ ಮಾಡಿದೆ. ಒಳಗಿನ ಇಂಕಿನ ಕಲೆ ಹಾಗೇ ಬಿಟ್ಟೆ — ಅವರ ಕಾಲದ್ದು, ಇರಲಿ ಎಂದರು ಮೇಡಂ. ಈ ಹಳೇ ಮನೆಯನ್ನು ಮ್ಯೂಸಿಯಂ ಮಾಡುವ ಉಸ್ತುವಾರಿ ಅವರದು. ಬರೆಯುವ ಕೋಣೆ ಇಪ್ಪತ್ತಕ್ಕೆ ಸಿದ್ಧವಾಗಬೇಕಂತೆ. ಪೇಂಟರ್ ಗೋಡೆ ಕೆರೆಯುತ್ತಲೇ ಇದ್ದಾನೆ. ಬಿಳಿ, ಹಳದಿ, ಮತ್ತೆ ಬಿಳಿ... ಎಲ್ಲದರ ಕೆಳಗೆ ಮೊದಲಿನ ಹಸಿರು ಇದೆಯಂತೆ.

ಡ್ರಾಯರ್ ಬೋರಲು ಹಾಕಿ ಅಡಿಗೂ ಉಪ್ಪುಕಾಗದ ಹಾಕಿ ಉಜ್ಜಿದೆ. ಕೊಳೆ, ಯಾರದೋ ಪೆನ್ಸಿಲ್ ಗೀಚು, ಎಲ್ಲ ಹೋಯಿತು. ಪೇಂಟರ್ ನಕ್ಕ.

"ಅಲ್ಲ ಗುರೂ, ಅಡೀಲಿ ಯಾರನ್ನ ಮಲಗಿಸ್ತೀಯಾ ಅಂತ ಇಷ್ಟು ನುಣುಪು ಮಾಡ್ತಿದೀಯ?"

ನಗಲಿ. ಆರು ವರ್ಷದ ಹಿಂದೆ ಗಿರಾಕಿಗಳ ಎದುರಿಗೇ ಅಣ್ಣ ಅಂದಿದ್ದ, "ಕಾಣದ ಕಡೆ ಇವನು ಕೈಯಾಡಿಸಲ್ಲ." ಅಂದೇ ಉಳಿ ಕೆಳಗಿಟ್ಟು ಅವನ ಮರಗೆಲಸದ ಅಂಗಡಿಯಿಂದ ಎದ್ದು ಬಂದೆ. ಆಮೇಲೆ ಮಾತಿಲ್ಲ, ಕತೆಯಿಲ್ಲ. ಈ ಜನವರಿಯಲ್ಲಿ ಅಣ್ಣ ತೀರಿಹೋದ. ಅವತ್ತೂ ಅವನ ಮನೆ ಗೇಟಿನ ತನಕ ಹೋಗಿ, ನಿಂತು, ವಾಪಸ್ ಬಂದವನು ನಾನು. ಈಗ ಕಾಣದ ಕಡೆಯೆಲ್ಲ ಉಜ್ಜುತ್ತೇನೆ. ಯಾರಿಗೆ ತೋರಿಸಲಿಕ್ಕೋ.

ಸೆಪ್ಟೆಂಬರ್ 4, ಗುರುವಾರ

ಮೂರನೆಯದೂ ಆಯಿತು, ಅಡಿ ಸಮೇತ. ನಾಲ್ಕನೆಯದು ಜಪ್ಪಯ್ಯ ಅಂದರೂ ಬರುತ್ತಿಲ್ಲ. ಮರ ಉಬ್ಬಿದೆ. ಎಳೆದೂ ಎಳೆದೂ ಭುಜ ಹಿಡಿದುಕೊಂಡಿತು.

ಮೂರನೆಯದರ ಮೂಲೆಯ ಜೋಡಣೆ ಈಚಿನದು. ಪಳಗಿದ ಕೈ. ಒಂದೂ ಮೊಳೆಯಿಲ್ಲ. ನೋಡಿ ಹೊಟ್ಟೆಕಿಚ್ಚಾಯಿತು.

ಸೆಪ್ಟೆಂಬರ್ 5, ಶುಕ್ರವಾರ

ಅತ್ತಿಗೆಯ ಫೋನ್. ಅಣ್ಣನ ಉಳಿಗಳಿಗೆ ತುಕ್ಕು ಹಿಡಿಯುತ್ತಿದೆ, ಬಂದು ತೆಗೆದುಕೊಂಡು ಹೋಗು ಎಂದರು. ಈಗ ಕೆಲಸ ಎಲ್ಲಿ ಎಂದು ಕೇಳಿದರು. ಹೇಳಿದೆ.

"ಜಡ್ಜ್ ಮನೆ ಮೇಜಾ? ಅದನ್ನ ಇವ್ರೇ ಅಲ್ವೇನಪ್ಪ ರಿಪೇರಿ ಮಾಡಿದ್ದು, ನೀನು ಅಂಗಡಿ ಬಿಟ್ಟ ವರ್ಷ. ಡ್ರಾಯರ್ ಅಡಿ ನೋಡಿದ್ಯಾ? ನೀನು ಹೋದ್ಮೇಲೆ ಶುರುವಾಯ್ತು ಆ ಚಾಳಿ. ಯಾವ ಕೆಲಸ ಮಾಡಿದ್ರೂ ಅಡೀಲಿ ಪೆನ್ಸಿಲ್‌ನಲ್ಲಿ ಏನಾದ್ರೂ ಬರೀತಿದ್ರು. ಮಾತಾಡೋಕೆ ಅಂಗಡೀಲಿ ಯಾರೂ ಇರ್ಲಿಲ್ವಲ್ಲ. ಆ ಮೇಜಲ್ಲಿ ನಿನ್ನ ವಿಷಯಾನೂ ಬರ್ದಿದೀನಿ ಅಂದಿದ್ರು. ಏನು ಅಂತ ಹೇಳ್ಲಿಲ್ಲ."

ಫೋನ್ ಇಟ್ಟೆ. ಆ ಪೆನ್ಸಿಲ್ ಗೀಚನ್ನು ಓದುವ ಗೋಜಿಗೇ ಹೋಗಿರಲಿಲ್ಲ, ಯಾರೋ ಗುರುತು ಹಾಕಿದ ಅಳತೆ ಅಂದುಕೊಂಡಿದ್ದೆ. ಮೂರು ಡ್ರಾಯರ್. ಮೂರರ ಅಡಿಯನ್ನೂ ನಾನೇ, ನನ್ನ ಕೈಯಾರೆ...

ಸೆಪ್ಟೆಂಬರ್ 6, ಶನಿವಾರ

ಕಸದ ಚೀಲ ಸುರಿದು ನೋಡಿದೆ. ಬರೀ ಪುಡಿ. ಮೂರೂ ಡ್ರಾಯರ್ ಕಿಟಕಿಯ ಬೆಳಕಿಗೆ ಓರೆ ಹಿಡಿದೆ. ಎರಡನೆಯದರಲ್ಲಿ ಒಂದು ಅಕ್ಷರದ ತಗ್ಗು ಇದ್ದ ಹಾಗಿತ್ತು. ಅಕ್ಷರವೋ, ಮರದ ಎಳೆಯೋ. ಪೇಂಟರ್‌ನನ್ನೂ ಕರೆದು ತೋರಿಸಿದೆ.

"ಏನೂ ಕಾಣ್ತಿಲ್ಲ ಗುರೂ," ಅಂದ. ಇವತ್ತು ತಮಾಷೆ ಮಾಡಲಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ನಾಲ್ಕನೆಯದು ಅಲ್ಲಾಡಿಲ್ಲ.

ಮೇಡಂ ಬಂದಿದ್ದರು. "ಬಿಟ್ಬಿಡಿ ಅದನ್ನ. ಶನಿವಾರ ಮೇಜಿನ ಮುಂದೆ ಹಗ್ಗ ಕಟ್ತೀವಿ, ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಮುಚ್ಚಿದ್ರೂ ಚೆನ್ನಾಗೇ ಕಾಣುತ್ತೆ."

ಯಾರೂ ಅಂದರೆ ನಾನೂ. ಶುಕ್ರವಾರದ ತನಕ ಬಿಡಿ ಎಂದು ಗೋಗರೆದೆ. ಕಾಲು ಹಿಡಿಯುವುದೊಂದು ಬಾಕಿ. ಒಡೆಯಬಾರದು ಎಂಬ ಷರತ್ತು ಹಾಕಿ ಒಪ್ಪಿದರು.

ಹತ್ತಿರ ಬಲ್ಬ್ ಉರಿಸಿಟ್ಟು ಮರ ಒಣಗಿಸುತ್ತಿದ್ದೇನೆ. ಆತುರ ಮಾಡುವಂತಿಲ್ಲ. ಅಂಗಡಿಗೆ ಯಾವ ಮೇಜು ಬಂದರೂ ಕೊನೆಯ ಡ್ರಾಯರ್ ಕೂರಿಸುವುದು ನನ್ನ ಪಾಲು, ನನಗೆ ಹತ್ತು ವರ್ಷ ಆದಾಗಿನಿಂದ. ಬೇರೆಲ್ಲ ಮುಗಿಸಿ ಅಣ್ಣ ಕೈ ಒರೆಸಿಕೊಂಡು ಸ್ಟೂಲ್ ಮೇಲೆ ಕೂರುತ್ತಿದ್ದ. ಕೊನೆಯದು ಚಿಕ್ಕವನದು ಎನ್ನುತ್ತಿದ್ದ. ಎಷ್ಟು ಹೊತ್ತಾದರೂ ಕಾಯುತ್ತಿದ್ದ, ಕೈ ಹಾಕುತ್ತಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ. ಮಧ್ಯಾಹ್ನ 3

ಬಂತು. ಮೇಜಿನ ಹಿಂದಿನ ಹಲಗೆ ಬಿಚ್ಚಿ, ಸಂದಿಗೆ ಮೇಣ ತಿಕ್ಕಿ, ಎರಡು ಹೆಬ್ಬೆರಳಿಂದ ತಳ್ಳಿದೆ.

ಬೋರಲು ಹಾಕಲು ಧೈರ್ಯ ಸಾಲದೆ ಅಂಚಿಗಂಟಿದ ಮೇಣ ಒರೆಸುತ್ತ ಕುಳಿತೆ. ಪೇಂಟರ್ ಹೊರಗೆ ಹೋದ.

ಅಣ್ಣನ ಅಕ್ಷರ. ಎಡಕ್ಕೆ ವಾಲಿದ್ದು.

"ಇದೊಂದನ್ನು ಬೇಕಂತಲೇ ಬಿಗಿ ಬಿಟ್ಟಿದ್ದೇನೆ. ಕೊನೆಯದು ಚಿಕ್ಕವನದು. ಬರುತ್ತಾನೆ."

ಕೆಳಗೆ ತಾರೀಖು. ನಾನು ಎದ್ದು ಬಂದು ನಾಲ್ಕು ತಿಂಗಳಿಗೆ.

ಅತ್ತುಬಿಟ್ಟೆ. ಇಲ್ಲಿಂದ ಅಂಗಡಿ ಎರಡೇ ಬೀದಿ. ಆ ಬೀದಿ ತಪ್ಪಿಸಲು ಆರು ವರ್ಷ ಸುತ್ತುಬಳಸಿ ಓಡಾಡಿದೆ. ಉಜ್ಜಿ ಹಾಕಿದ ಮೂರರಲ್ಲಿ ಏನಿತ್ತೋ, ಇನ್ನು ಯಾರನ್ನು ಕೇಳಲಿ.

ಸೆಪ್ಟೆಂಬರ್ 20, ಶನಿವಾರ. ಬೆಳಿಗ್ಗೆ 9

ಅಂಚನ್ನು ಕೂದಲೆಳೆಯಷ್ಟು ಕೀಸಿದೆ. ಈಗ ಒಂದೇ ಬೆರಳಿಗೆ ಬರುತ್ತದೆ, ಒಂದೇ ಬೆರಳಿಗೆ ಹೋಗುತ್ತದೆ. ಅಡಿ ಮುಟ್ಟಿಲ್ಲ. ಗೋಡೆಯ ಹಸಿರೂ ಸಿಕ್ಕಿದೆ, ಪೇಂಟರ್ ಖುಷಿಯಾಗಿದ್ದಾನೆ.

ಹತ್ತಕ್ಕೆ ಹಗ್ಗ ಕಟ್ಟುತ್ತಾರೆ. ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡಿದ್ದೇನೆ. ಅಣ್ಣನ ಸಾಲಿನ ಕೆಳಗೆ ಜಾಗ ಇದೆ. ಏನು ಬರೆಯಬೇಕೋ ತೋಚದೆ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ. ಬಂದೆ ಅಂತ ಬರೆದರೆ... ಬಂದದ್ದು ಮೇಡಂ ಕರೆದದ್ದಕ್ಕೆ. ಅವನಿಗಾಗಿ ಅಲ್ಲ.

ಮೆಟ್ಟಿಲ ಮೇಲೆ ಮೇಡಂ ದನಿ.

ಅಣ್ಣಾ, ಡ್ರಾಯರ್ ಸರಿಹೋಯಿತು. ನಾನು