ನಾಲ್ಕು ಬೆರಳು ಜಾಗ

ಶನಿವಾರ, ಅಕ್ಟೋಬರ್ ೧೮

ಪ್ರೀತಿಯ ಬುಗುರಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳೂ ಕನ್ನಡಕದ ಡಬ್ಬಿಯ ಕೆಳಗೆ ಕೂತು ಮೂರು ವಾರದಿಂದ ನನ್ನನ್ನು ದಿಟ್ಟಿಸುತ್ತಿವೆ. ಉತ್ತರ ಬರೆಯದ್ದಕ್ಕೆ ಕ್ಷಮಿಸು. ಮೈ ಸರಿಯಿಲ್ಲವೇನೋ ಎಂದು ನೀನು ಗಾಬರಿಯಾಗಿರುತ್ತೀ. ಮೈ ಗಟ್ಟಿಯಾಗಿದೆ, ಬಾಯಿ ಅದಕ್ಕಿಂತ ಗಟ್ಟಿಯಾಗಿದೆ. ಈ ಮೂರು ವಾರ ನಾನು ಜಗಳದಲ್ಲಿ ಮುಳುಗಿದ್ದೆ. ಇಂದು ಬೆಳಿಗ್ಗೆ ಗೆದ್ದೆ. ಆದ್ದರಿಂದ ಚಹಾ ಮಾಡಿಕೊಂಡು, ಕಿಟಕಿಯ ಪಕ್ಕ ಕೂತು, ಮೊದಲಿನಿಂದ ಹೇಳುತ್ತೇನೆ. ನಿನ್ನ ಅಂಗಡಿಯಲ್ಲಿ ರಿಪೇರಿಗೆ ಬಂದ ಗಡಿಯಾರಗಳು ಸ್ವಲ್ಪ ಕಾಯಲಿ.

ನಮ್ಮೂರಿನ ಪತ್ರಿಕೆಗೆ ಈ ತಿಂಗಳು ಎಪ್ಪತ್ತೈದು ತುಂಬಿತು. ಅದಕ್ಕಾಗಿ ವಿಶೇಷ ಸಂಚಿಕೆ ತರುವುದಾಗಿಯೂ, ಅದರಲ್ಲಿ ಹಳೆಯ ಜಾಹೀರಾತುಗಳದ್ದೇ ಒಂದು ‘ನಗೆಪುಟ’ ಇರುವುದಾಗಿಯೂ ಕಳೆದ ತಿಂಗಳು ಪ್ರಕಟಣೆ ಕೊಟ್ಟಿದ್ದರು. ಒಳ್ಳೆಯದೇ, ಜನ ನಗಲಿ ಎಂದುಕೊಂಡು ಓದುತ್ತಾ ಹೋದೆ. ಕೆಳಗೆ ಒಂದು ಮಾದರಿಯನ್ನೂ ಕೊಟ್ಟಿದ್ದರು: ‘ಕತ್ತಲ ಕೋಣೆಗೆ ಯಾರೋ ಕಿಟಕಿ ಕೊರೆದಂತಾಯಿತು! ನರೋಲ್ಲಾಸ ಕುಡಿದ ಗೃಹಿಣಿಯ ಉದ್ಗಾರ.’

ಚಹಾದ ಲೋಟ ಕೈಯಲ್ಲೇ ಉಳಿಯಿತು. ಮುಂದಿನ ಸಾಲು ನಿನಗೆ ಬಾಯಿಪಾಠ. ‘ಈಗ ನಾನು ಸಂಪೂರ್ಣ ಗುಣವಾಗಿದ್ದೇನೆ.’ ಕೆಳಗೆ ನಮ್ಮ ಅಮ್ಮನ ಹೆಸರು, ಮನೆ ನಂಬರು ಹದಿನೇಳು.

ನಿನಗೆ ಆ ಔಷಧದ ನೆನಪು ಇರಲಾರದು. ನನಗೆ ಅದರ ಚೀಟಿಯ ಬಣ್ಣವೂ ನೆನಪಿದೆ. ಅಗಲ ಎದೆಯ ಗಂಡಸೊಬ್ಬ ಸರಪಳಿ ಹರಿಯುತ್ತಿರುವ ಚಿತ್ರ, ಸರಪಳಿಯ ಮೇಲೆ ‘ನರದೌರ್ಬಲ್ಯ’ ಎಂದು ಬರೆದಿತ್ತು. ಆ ಕಾಲದ ಪತ್ರಿಕೆಯಲ್ಲಿ ಸುದ್ದಿಗಿಂತ ಇಂಥವೇ ಹೆಚ್ಚು. ಯುದ್ಧದ ಸುದ್ದಿಗೆ ಅರ್ಧ ಕಾಲಂ, ನರಗಳಿಗೆ ಎರಡು ಪುಟ. ನಿದ್ದೆ ಬಾರದವರಿಗೂ ನರೋಲ್ಲಾಸ, ಅತಿಯಾಗಿ ನಿದ್ದೆ ಮಾಡುವವರಿಗೂ ನರೋಲ್ಲಾಸ. ಕೂದಲು ಉದುರಿದರೆ, ಪರೀಕ್ಷೆಯಲ್ಲಿ ನಪಾಸಾದರೆ, ಸಿಟ್ಟು ಬಂದರೆ, ಸಿಟ್ಟೇ ಬಾರದಿದ್ದರೆ ಅದೇ ಬಾಟಲಿ. ‘ನಿಮಗೆ ಈ ಲಕ್ಷಣಗಳಿವೆಯೇ?’ ಎಂದು ಇಪ್ಪತ್ತು ಪ್ರಶ್ನೆ ಕೇಳುತ್ತಿದ್ದರು. ಅದರಲ್ಲಿ ‘ಸಂಜೆ ಹೊತ್ತು ದಣಿವಾಗುತ್ತದೆಯೇ?’ ಎಂಬುದೂ ಒಂದು. ದುಡಿದವನಿಗೆ ಸಂಜೆ ದಣಿವಾಗದೆ ಬೆಳಿಗ್ಗೆ ಆಗುತ್ತದೆಯೇ? ಮುಂದೆ ಲೈಬ್ರರಿ ಕೆಲಸಕ್ಕೆ ಸೇರಿದ ಮೇಲೆ ಸರ್ಕಾರಿ ಪ್ರಯೋಗಾಲಯದ ಹಳೆಯ ವರದಿಯೊಂದು ಕೈಗೆ ಸಿಕ್ಕಿತು. ನರೋಲ್ಲಾಸದಲ್ಲಿ ಇದ್ದದ್ದು ಸಾರಾಯಿ, ಸುಟ್ಟ ಸಕ್ಕರೆ, ಒಂದಿಷ್ಟು ಕಹಿ ಬೇರು. ಮೊದಲ ಬಾಟಲಿಗೆ ಅಮ್ಮ ಸೊಗಸಾಗಿ ನಿದ್ದೆ ಮಾಡಿದ್ದು ಯಾಕೆಂದು ಅವತ್ತು ತಿಳಿಯಿತು.

ಅಮ್ಮನ ನರಗಳಿಗೆ ಏನೂ ಆಗಿರಲಿಲ್ಲ, ಬುಗುರಿ. ಕೆಟ್ಟಿದ್ದು ಹೃದಯ. ಆ ಪ್ರಶಂಸಾಪತ್ರ ಅಚ್ಚಾದ ಐದನೆಯ ತಿಂಗಳಲ್ಲಿ ಅವಳು ಹೋದಳು. ನಿನಗೆ ಆಗ ಮೂರು ವರ್ಷ, ನನಗೆ ಹನ್ನೊಂದು. ಆದರೆ ಪತ್ರಿಕೆ ಅವಳನ್ನು ಬಿಡಲಿಲ್ಲ. ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ‘ಸಂಪೂರ್ಣ ಗುಣವಾಗಿದ್ದೇನೆ’ ಎಂದು ನಾಲ್ಕು ವರ್ಷ ಅವಳು ಅಚ್ಚಾಗುತ್ತಲೇ ಇದ್ದಳು. ಅಪ್ಪ ಎರಡು ಸಲ ಪತ್ರಿಕೆಗೆ ಬರೆದರು. ಪತ್ರಿಕೆಯವರು ಆ ಕಾಗದಗಳನ್ನು ಔಷಧ ಕಂಪನಿಗೆ ರವಾನಿಸಿದರು. ಕಂಪನಿಯವರ ಉತ್ತರವೇನು ಗೊತ್ತೇ? ‘ತಮ್ಮ ದುಃಖದಲ್ಲಿ ನಾವೂ ಭಾಗಿಗಳು. ಶೋಕದಿಂದ ಕುಗ್ಗಿದ ನರಗಳಿಗೆ ನಮ್ಮ ಔಷಧ ಉತ್ತಮ’ ಎಂಬ ಒಂದು ಚೀಟಿ, ಜೊತೆಗೆ ಒಂದು ಬಾಟಲಿ! ಅಪ್ಪ ಅದನ್ನು ಕಿರುಗುಟ್ಟುತ್ತಿದ್ದ ಹಿತ್ತಲ ಬಾಗಿಲಿನ ಕೀಲಿಗೆ ಸುರಿದರು. ಕಿರುಗುಟ್ಟುವುದು ನಿಂತಿತು. ನನಗೆ ತಿಳಿದಂತೆ ಆ ಔಷಧ ವಾಸಿ ಮಾಡಿದ ಕಾಯಿಲೆ ಅದೊಂದೇ.

ನೀನು ಅಕ್ಷರ ಕಲಿತದ್ದು ಐದನೇ ವಯಸ್ಸಿನಲ್ಲಿ. ನೀನಾಗಿಯೇ ಓದಿದ ಮೊದಲ ಪೂರ್ತಿ ವಾಕ್ಯ ಯಾವುದೆಂದು ನಿನಗೆ ನೆನಪಿಲ್ಲದಿರಬಹುದು, ನನಗಿದೆ. ಪತ್ರಿಕೆ ಹಿಡಿದು ಓಡಿಬಂದೆ. “ಅಕ್ಕಾ, ಅಮ್ಮ ಗುಣ ಆಗಿದಾಳಂತೆ! ಪೇಪರ್‌ನಲ್ಲಿ ಬಂದಿದೆ! ಮತ್ತೆ ಯಾಕೆ ಮನೆಗೆ ಬರ್ತಿಲ್ಲ?” ಅವತ್ತಿನಿಂದ ನನಗೆ ಆ ಪತ್ರಿಕೆಯ ಮೇಲೆ ಸಿಟ್ಟು. ಆದರೂ ದಿನ ತಪ್ಪದೆ ಓದುತ್ತೇನೆ. ಸಿಟ್ಟು ಮಾಡಿಕೊಳ್ಳಲು ಓದಲೇಬೇಕಲ್ಲ.

ಹೀಗಿರುವಾಗ ಅಮ್ಮ ಇನ್ನೊಮ್ಮೆ, ಅದೂ ನಗೆಪುಟದಲ್ಲಿ, ಗುಣವಾಗುವುದನ್ನು ನಾನು ನೋಡಿಕೊಂಡು ಕೂರುವವಳೇ? ಮರುದಿನವೇ ಛತ್ರಿ ಹಿಡಿದು ಹೊರಟೆ.

ಪತ್ರಿಕೆಯ ಕಚೇರಿ ಈಗ ಮೂರನೇ ಮಹಡಿ. ಸಂಪಾದಕ ಮೂವತ್ತೈದು ದಾಟಿರಲಾರ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ನಡತೆ ಒಳ್ಳೆಯದು.

“ಕೂತ್ಕೊಳ್ಳಿ ಅಮ್ಮಾ. ಚಂದಾ ವಿಷಯಾನಾ?”

“ಅಲ್ಲಪ್ಪಾ, ಒಂದು ತಿದ್ದುಪಡಿ ಹಾಕಿಸ್ಬೇಕಿತ್ತು.”

“ಹೇಳಿ, ಯಾವತ್ತಿನ ಪೇಪರಿಂದು?”

“ಅರವತ್ತೊಂದು ವರ್ಷದ ಹಿಂದಿಂದು.”

ಅವನು ಪೆನ್ನು ಕೆಳಗಿಟ್ಟ. “ಸ್ವಲ್ಪ ತಡ ಆಯ್ತಲ್ಲಮ್ಮಾ?”

“ತಡ ನಿಮ್ದು. ನಾನು ಅವತ್ತಿಂದ ಕಾಯ್ತಾನೇ ಇದೀನಿ.”

ನಾನು ಚೀಲದಿಂದ ಕತ್ತರಿಸಿಟ್ಟ ತುಣುಕುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ಎಲ್ಲವೂ ಒಂದೇ ಪತ್ರ, ದಿನಾಂಕ ಮಾತ್ರ ಬೇರೆ ಬೇರೆ. ಎಪ್ಪತ್ತೊಂದು ಇದ್ದವು. ಅವನ ಮೇಜು ಮುಚ್ಚಿಹೋಯಿತು.

“ಆ ಕಂಪನಿ ಯಾವತ್ತೋ ಮುಚ್ಚಿಹೋಗಿದೆಯಲ್ಲಮ್ಮಾ,” ಎಂದ ಮೆತ್ತಗೆ.

“ಪೇಪರ್ ಮುಚ್ಚಿಲ್ವಲ್ಲ?”

“ಜಾಹೀರಾತಿನಲ್ಲಿರೋ ಸುಳ್ಳಿಗೆ ನಾವು ಹೊಣೆ ಅಲ್ಲ ಅಂತ ಮೊದಲನೇ ಪುಟದಲ್ಲೇ ಹಾಕಿರ್ತೀವಿ.”

“ಹಾಕಿರ್ತೀರಿ. ಅದನ್ನ ಓದೋಕೆ ಭೂತಕನ್ನಡಿ ಮಾತ್ರ ಹಾಕಲ್ಲ.”

ಆಗ ಮೂಲೆಯಲ್ಲಿ ಯಾರೋ ಕಿಲಕಿಲ ನಕ್ಕರು. ನಾನು ಗಮನಿಸಿರಲಿಲ್ಲ. ಬೆನ್ನು ಬಾಗಿದ ಮುದುಕರೊಬ್ಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿಕೊಂಡು ಕೂತಿದ್ದರು. ಪತ್ರಿಕೆಯಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರಂತೆ. ಎಲ್ಲರೂ ಅವರನ್ನು ‘ಮೊಳೆ ತಾತ’ ಎನ್ನುತ್ತಾರೆ. ವಿಶೇಷ ಸಂಚಿಕೆಗೆ ನೆನಪು ಹೇಳಲೆಂದು ಕರೆಸಿದ್ದರು. ಅವರು ಎದ್ದುಬಂದು ತುಣುಕೊಂದನ್ನು ಮೂಗಿನ ಹತ್ತಿರ ಹಿಡಿದರು. ಮುಖ ಅರಳಿತು.

“ಅಯ್ಯೋ, ಇದು ನಮ್ಮ ಹದಿನೇಳನೇ ನಂಬರ್ ಅಮ್ಮ ಅಲ್ವಾ! ಈ ತಾಯಿ ನಮ್ಮನ್ನ ಎಷ್ಟು ಸಲ ಕಾಪಾಡಿದಾಳೆ ಗೊತ್ತಾ?”

“ಏನು ಕಾಪಾಡಿದ್ದು?” ಎಂದೆ, ಸಿಟ್ಟು ಬಿಡದೆ.

“ನೋಡಿ ತಾಯಿ, ಪುಟ ಕಟ್ಟೋವಾಗ ಯಾವುದಾದ್ರೂ ಕಾಲಂ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬೀಳೋದು. ಬರೆಯೋರೆಲ್ಲ ಮನೆಗೆ ಹೋಗಿರ್ತಿದ್ರು. ಖಾಲಿ ಬಿಟ್ರೆ ಫೋರ್‌ಮನ್ ಕೊಂದೇ ಹಾಕೋನು. ಈ ಪತ್ರ ಸರಿಯಾಗಿ ನಾಲ್ಕೇ ಬೆರಳು. ಮೊಳೆ ಬಿಚ್ಚದೆ ದಾರ ಸುತ್ತಿ ಕಪಾಟಲ್ಲಿ ಇಟ್ಕೊಂಡಿದ್ವಿ. ಜಾಗ ಬಿತ್ತು ಅಂದ್ರೆ ಸಾಕು, ಫೋರ್‌ಮನ್ ಕೂಗೋನು, ‘ಅಮ್ಮನ್ನ ಹಾಕ್ರೋ!’ ಅಂತ. ಕಂಪನಿ ಜಾಹೀರಾತು ನಿಲ್ಲಿಸಿ ಎಷ್ಟೋ ಕಾಲ ಆಗಿತ್ತು. ಆದ್ರೂ ಬಿಡ್ಲಿಲ್ಲ ನಾವು. ಅಷ್ಟು ಅಳತೆಗೆ ಸರಿಯಾಗಿ ಕೂರೋದು ಇನ್ನೊಂದು ಸಿಗ್ಬೇಕಲ್ಲ?”

ಅರವತ್ತೊಂದು ವರ್ಷ ನಾನು ಇದರ ಹಿಂದೆ ದೊಡ್ಡ ಸಂಚೇ ಇದೆ ಎಂದು ನಂಬಿದ್ದೆ, ಬುಗುರಿ. ಕಂಪನಿಯ ದುರಾಸೆ, ಪತ್ರಿಕೆಯ ಲೋಭ, ಏನೇನೋ. ಇದ್ದದ್ದು ನಾಲ್ಕು ಬೆರಳು ಜಾಗ, ಮನೆಗೆ ಹೋಗುವ ಅವಸರ.

“ಮೊದಲನೇ ವರ್ಷದಲ್ಲೇ ಅಮ್ಮ ತೀರ್ಕೊಂಡಿದ್ರು,” ಎಂದೆ.

ತಾತನ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅವರು ತೆಗೆಯಲು ಹೋಗಲಿಲ್ಲ. “ನಮಗೆ ಯಾರೂ ಹೇಳ್ಲಿಲ್ವಲ್ಲ, ತಾಯಿ,” ಎಂದರು. ಲೋಟ ಕೆಳಗಿಟ್ಟು ಸಂಪಾದಕನ ಕಡೆ ತಿರುಗಿ ಗದರಿದರು. “ಏನು ನೋಡ್ತಾ ಕೂತಿದೀಯಾ? ನಲವತ್ತು ವರ್ಷದಲ್ಲಿ ನಾನು ಜೋಡಿಸಿದ್ದಕ್ಕೆ ಯಾರೂ ತಪ್ಪು ಹಿಡಿದಿರ್ಲಿಲ್ಲ. ಹಾಕು ತಿದ್ದುಪಡಿ!”

ಅಲ್ಲಿಂದ ಎರಡು ವಾರ ಓಡಾಟ. ಮಾಲೀಕರು ಒಪ್ಪಬೇಕು, ವಕೀಲರು ನೋಡಬೇಕು. ವಕೀಲರು ‘ವಿಷಾದ’ ಎಂಬ ಮಾತನ್ನು ತೆಗೆಯಿರಿ ಎಂದರಂತೆ. ನಾನು ದಿನವೂ ಹತ್ತು ಗಂಟೆಗೆ ಹೋಗಿ, ಹೆಣಿಗೆ ತೆಗೆದು, ಸಂಪಾದಕನ ಬಾಗಿಲ ಎದುರು ಕೂರುತ್ತಿದ್ದೆ. ಐದನೆಯ ದಿನ ‘ವಿಷಾದ’ ಉಳಿಯಿತು. ನನ್ನ ಕಾಲುಚೀಲವೂ ಒಂದು ಜೊತೆ ಮುಗಿಯಿತು. ಅದನ್ನು ನಿನಗೇ ಕಳಿಸುತ್ತಿದ್ದೇನೆ.

ಕೊನೆಗೆ ಸಂಪಾದಕ ಕಾಗದ ತೆಗೆದುಕೊಂಡು, “ದಾಖಲೆಗೆ ಬೇಕು ಅಮ್ಮಾ. ಪತ್ರ ನಿಮ್ಮ ತಾಯಿಯವರೇ ಬರ್ದಿದ್ದು ತಾನೇ?” ಎಂದು ಕೇಳಿದ. ನಾನು ಹೆಣಿಗೆಯ ಕಡ್ಡಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. “ಹೂಂ” ಎಂದೆ.

ಇಂದಿನ ಸಂಚಿಕೆಯ ತುಣುಕು ಇದರೊಳಗಿದೆ. ನಗೆಪುಟದಲ್ಲಿ ಅಲ್ಲ, ಸಂಪಾದಕೀಯದ ಕೆಳಗೆ ಹಾಕಿದ್ದಾರೆ: ‘ಅರವತ್ತೊಂದು ವರ್ಷಗಳ ಹಿಂದೆ ಈ ಪತ್ರಿಕೆಯಲ್ಲಿ ಪ್ರಕಟವಾದ ನರೋಲ್ಲಾಸದ ಪ್ರಶಂಸಾಪತ್ರವನ್ನು ಬರೆದಾಕೆ ಗುಣವಾಗಲಿಲ್ಲ. ಅದು ಅಚ್ಚಾದ ಐದನೆಯ ತಿಂಗಳಲ್ಲಿ ಅವರು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆ ಬಳಿಕವೂ ನಾಲ್ಕು ವರ್ಷ ನಾವು ಅವರನ್ನು ಗುಣವಾಗಿಯೇ ಇಟ್ಟಿದ್ದೆವು. ವಿಷಾದಿಸುತ್ತೇವೆ.’

ಅಳೆದು ನೋಡು. ಸರಿಯಾಗಿ ನಾಲ್ಕು ಬೆರಳು. ಮೊಳೆ ತಾತ ಕಂಪ್ಯೂಟರಿನವನ ಪಕ್ಕ ತಾವೇ ನಿಂತು ಅಳತೆ ಕೂರಿಸಿದರಂತೆ. ಅದರ ಹಿಂಬದಿಯಲ್ಲಿ ಏನಿದೆ ನೋಡಿದೆಯಾ? ‘ಮರೆವೇ? ಇಂದೇ ತರಿಸಿ ನೆನಪಿನ ಗುಳಿಗೆ!’ ಸೋಮವಾರ ಮತ್ತೆ ಛತ್ರಿ ಹಿಡಿದು ಹೊರಡುತ್ತೇನೆ. ಸಂಪಾದಕ ಈಗ ನನ್ನನ್ನು ಕಂಡರೆ ಕೇಳದೆಯೇ ಚಹಾ ತರಿಸುತ್ತಾನೆ.

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚು, ನಡೆ, ಯಾವ ಜಾಹೀರಾತನ್ನೂ ನಂಬಬೇಡ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಗಟ್ಟಿಯಾಗಿ ನೂರು ಕಾಲ ಬಾಳಲಿ. ನಿನ್ನ ಗಡಿಯಾರಗಳೆಲ್ಲ ಸರಿಯಾದ ಹೊತ್ತು ತೋರಿಸಲಿ.

ನಿನ್ನ ಪ್ರೀತಿಯ,
ಜಗಳಗಂಟಿ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ತಿದ್ದುಪಡಿಯಲ್ಲಿ ಒಂದು ತಪ್ಪು ಉಳಿದಿದೆ, ಬುಗುರಿ. ಪತ್ರ ಬರೆದಾಕೆ ತೀರಿಕೊಳ್ಳಲಿಲ್ಲ. ಅವಳು ಈಗ ನಿನಗೆ ಬರೆಯುತ್ತಿದ್ದಾಳೆ.

ಆ ವರ್ಷ ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ನನಗೇ ಮೊದಲ ಬಹುಮಾನ ಬಂದಿತ್ತು. ಅಚ್ಚಾದ ಪತ್ರಕ್ಕೆ ಆರು ಬಾಟಲಿ ಉಚಿತ ಎಂದು ಕಂಪನಿ ಹೇಳಿತ್ತು. ಮೊದಲ ಬಾಟಲಿಗೇ ಅಮ್ಮನಿಗೆ ನಿದ್ದೆ ಬಂದಿತ್ತು. ಇನ್ನು ಆರು ಸಿಕ್ಕರೆ ಎದ್ದೇಳುತ್ತಾಳೆ ಎಂದುಕೊಂಡೆ. ಯಾರಿಗೂ ಹೇಳದೆ ಅವಳ ಹೆಸರಿನಲ್ಲಿ ಬರೆದು ಅಂಚೆಗೆ ಹಾಕಿದೆ. ಕತ್ತಲ ಕೋಣೆಯ ಕಿಟಕಿ ನನ್ನದು. “ನಮ್ಮಮ್ಮ ಎಷ್ಟು ಚೆನ್ನಾಗಿ ಬರೀತಿದ್ಲು ನೋಡಿ” ಎಂದು ನೀನು ಆ ಪತ್ರದ ತುಣುಕಿಗೆ ಗಾಜು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದಾಗಲೂ ನಾನು ಬಾಯಿ ಬಿಡಲಿಲ್ಲ. ಅವಳದ್ದೆಂದು ನಿನ್ನ ಬಳಿ ಇರುವುದು ಅದೊಂದೇ ಎಂದು ನನಗೆ ಗೊತ್ತಿತ್ತು.

ಪತ್ರ ಅಚ್ಚಾದ ದಿನ ಬೀದಿಯವರೆಲ್ಲ ಗುಣವಾದವಳನ್ನು ನೋಡಲು ಬಂದರು. ಅಮ್ಮ ಪತ್ರಿಕೆ ಓದಿದಳು, ನನ್ನ ಮುಖ ನೋಡಿದಳು, ಒಂದು ಮಾತು ಹೇಳಿ ಹಾಸಿಗೆಯಿಂದ ಎದ್ದಳು. ಬಂದವರಿಗೆಲ್ಲ ಚಹಾ ಮಾಡಿದಳು. ನಿನಗೆ ಸ್ನಾನ ಮಾಡಿಸಿದಳು. ಅಂದಿನಿಂದ ಕೊನೆಯ ವಾರದವರೆಗೆ ಅವಳು ಮತ್ತೆ ಹಾಸಿಗೆ ಹಿಡಿಯಲಿಲ್ಲ. ಮಗಳು ಸುಳ್ಳಿ ಎನಿಸಿಕೊಳ್ಳಬಾರದೆಂದು ಡಾಕ್ಟರಿಗೂ ನಾನು ಚೆನ್ನಾಗಿದ್ದೇನೆ ಎಂದೇ ಹೇಳಿದಳು. ನಾನು ಇಷ್ಟು ವರ್ಷ ಬೈದದ್ದು ಪತ್ರಿಕೆಯನ್ನು, ಕಂಪನಿಯನ್ನು. ಬೈಯಿಸಿಕೊಳ್ಳಬೇಕಾದವಳು ಮನೆಯಲ್ಲೇ ಇದ್ದಳು.

ಅವಳು ಎದ್ದಾಗ ನಗುತ್ತಾ ಹೇಳಿದ ಮಾತು ಇದು: “ನಾನು ಇಷ್ಟು ಚೆನ್ನಾಗಿ ಗುಣ ಆಗಿದೀನಾ? ಹಾಗಾದ್ರೆ ಏಳ್ಬೇಕಲ್ಲಪ್ಪಾ. ಆ ಬುಗುರಿನ ಹಿಡ್ಕೊಂಡ್ ಬಾ, ತಲೆಗೆ ನೀರು ಹಾಕ್ತೀನಿ.”

ಇದು ಅಮ್ಮನದೇ, ಒಂದಕ್ಷರವೂ ನನ್ನದಲ್ಲ. ಗಾಜಿನೊಳಗಿನದನ್ನು ತೆಗೆದು ಇದನ್ನು ಹಾಕು. ಆಮೇಲೆ ಬಂದು ನನ್ನನ್ನು ಎಷ್ಟು ಬೇಕಾದರೂ ಬೈ. ಆದರೆ ಬಾ.