ಹಲ್ಲು ಬಿದ್ದ ರಾಣಿ

ಪೆದ್ರ ಮಾನ್ಸ, ಬಾಯಿಯಾ
ಜುಲೈ ೯

ಕಣ್ಣಿದ್ದೂ ಕುರುಡಾದ ನನ್ನ ಮುದ್ದು ಮೊಮ್ಮಗಳು ಜಂದೀರಾಗೆ,

ನಿನ್ನ ಕೈಗೆ ಕುಂಚ ಕೊಟ್ಟವರು ಯಾರೇ? ಆಗಸ್ಟಿನ ಹಬ್ಬಕ್ಕೆ ನಮ್ಮೂರ ಸಂಘದ ಗೋಡೆಗೆ ಬರೆಯುತ್ತೇನೆಂದು ಕಳಿಸಿದ ಕರಡು ಚಿತ್ರ ನೋಡಿದೆ. ನಮ್ಮ ಹಿರಿಯರನ್ನು ಕಡಲಾಚೆಯಿಂದ ಹೊತ್ತು ತಂದ ಗುಲಾಮರ ಹಡಗಿನಿಂದ ಇಳಿಯುತ್ತಿರುವವರೆಲ್ಲ ಗಂಡಸರು, ಒಬ್ಬೊಬ್ಬನ ತೋಳೂ ಹಲಸಿನ ಕೊಂಬೆಯಷ್ಟು ದಪ್ಪ. ಮೂಲೆಯಲ್ಲೊಬ್ಬಳು ಹೆಂಗಸು, ಅವಳೂ ಪಕ್ಕದ ಮನೆಯಿಂದ ಎರವಲು ತಂದವಳ ಹಾಗೆ. ಕಂಬಿಂದಾ ಎಲ್ಲಿ? ಈ ಊರು ಕಟ್ಟಿದವಳನ್ನೇ ಬಿಟ್ಟು ಊರ ಗೋಡೆಗೆ ಬಣ್ಣ ಹಚ್ಚುತ್ತೀಯಾ?

ಹೋದ ವರ್ಷ ಬಂದಾಗ ನೀನೇ ಪುಸ್ತಕ ಓದಿ ಹೇಳಿದ್ದೆ. ಹಡಗಿನಲ್ಲಿ ಬಂದ ಗುಲಾಮರಲ್ಲಿ ಹೆಂಗಸರಿಗಿಂತ ಗಂಡಸರು ಹೆಚ್ಚು, ನಿಜ. ಆದರೆ ಕೊನೆಕೊನೆಗೆ ಮಕ್ಕಳನ್ನೇ ರಾಶಿ ರಾಶಿ ತುಂಬಿ ತಂದರು ಎಂದು. ಅವತ್ತು ಇಬ್ಬರೂ ಮರಗೆಣಸು ಸುಲಿಯುವುದನ್ನೇ ಬಿಟ್ಟೆವು. ಪೇಟೆ ಸೇರಿದ ಕೂಡಲೇ ಮರೆತೆಯಾ?

ಗೋಡೆಗೆ ಸುಣ್ಣ ಬಳಿಯುತ್ತಿರುವ ಮುದುಕ ಜಸಿಂತೊನಿಗೆ ತೋರಿಸಿದೆ. ಅವನಿಗೆ ಬಹಳ ಹಿಡಿಸಿತು. ಮಕ್ಕಳೆಲ್ಲಿ ಎಂದು ಕೇಳಿದೆ.

"ಚೆನ್ನಾಗೈತೆ ಕಣಕ್ಕಾ. ಕಬ್ಬು ಕಡಿಯೋಕೆ ಗಂಡಸ್ರೇ ತಾನೇ ಬೇಕಿದ್ದಿದ್ದು? ಹಾಲುಹಲ್ಲಿನ ಮಕ್ಕಳನ್ನ ತಂದು ಏನ್ ಮಾಡ್ತಾರೆ?" ಎಂದ.

"ಹಂಗಾದ್ರೆ ನಮ್ಮ ಮೂಲದಜ್ಜಿ ಮೀಸೆ ಬಿಟ್ಕೊಂಡು ಇಳಿದ್ಲೇನೋ?" ಎಂದೆ. ಅವನ ಹೆಂಡತಿ ನಕ್ಕ ರಭಸಕ್ಕೆ ಸುಣ್ಣದ ಬಕೆಟ್ಟಿನೊಳಗೇ ಬೀಳುತ್ತಿದ್ದಳು. "ಬೆಳೀತಾರೆ ಅಂತ ತಂದ್ರು ಕಣೋ, ಕರು ಕೊಂಡ್ಕೊಂಡಂಗೆ," ಎಂದು ನಾನೇ ಸೇರಿಸಿದೆ. ಅದಕ್ಕೆ ಮಾತ್ರ ಯಾರೂ ನಗಲಿಲ್ಲ.

ಹಡಗಿನಿಂದಿಳಿದಾಗ ಕಂಬಿಂದಾ ಏಳೋ ಎಂಟೋ ವರ್ಷದ ಪೋರಿ, ಮುಂದಿನ ಹಲ್ಲು ಬಿದ್ದಿದ್ದವಂತೆ. ಹಡಗಿನಲ್ಲಿ ಅಳುವ ಚಿಕ್ಕವರನ್ನೆಲ್ಲ ಆ ಸಂದಿಯಿಂದ ಶಿಳ್ಳೆ ಹಾಕಿ ತನ್ನ ಹತ್ತಿರ ಕರೆದುಕೊಳ್ಳುತ್ತಿದ್ದಳಂತೆ. ಅದಕ್ಕೇ ತಾನೇ ನಮ್ಮ ಹಬ್ಬದ ಕಿರೀಟ ಹಲ್ಲು ಬಿದ್ದ ಹುಡುಗಿಗೆ? ಆ ಪುಟ್ಟ ರಾಣಿ ಶಿಳ್ಳೆ ಹಾಕುವ ತನಕ ದೊಡ್ಡವರು ತಟ್ಟೆಗೆ ಕೈ ಹಾಕುವಂತಿಲ್ಲ. ನಿನ್ನ ಸರದಿ ಬಂದಾಗ ನೀನು ಹೆದರಿ ಬರೀ ಉಗುಳು ಹಾರಿಸಿದೆ. ತಾಳೆ ಎಣ್ಣೆಯ ಮೀನುಸಾರು ತಣ್ಣಗಾಯಿತು. ಇಡೀ ಊರು ಹಸಿದುಕೊಂಡೇ ನಕ್ಕಿತು.

ಆ ಗಂಡಸರು ಇರಲಿ, ಅವರೂ ನಮ್ಮವರೇ. ತೋಳು ಸ್ವಲ್ಪ ಸಣ್ಣ ಮಾಡಿ ಮಕ್ಕಳಿಗೆ ಜಾಗ ಬಿಡು. ಎಲ್ಲರಿಗಿಂತ ಮುಂದೆ ಕಂಬಿಂದಾ ನಿಲ್ಲಲಿ, ಶಿಳ್ಳೆ ಹಾಕುತ್ತಾ. ಅವಳಿಗೆ ಅಳುಮುಖ ಬರೆದೀಯಾ, ಜೋಕೆ! ಇಷ್ಟು ಆಗದಿದ್ದರೆ ಬರಲೇಬೇಡ, ಗೋಡೆ ಬೆಳ್ಳಗೇ ಇರಲಿ.

ನಿನ್ನನ್ನು ಎತ್ತಿ ಆಡಿಸಿದ್ದಕ್ಕೆ ಬೈಯುವ ಹಕ್ಕು ಗಳಿಸಿರುವ
ಅಜ್ಜಿ ಎರ್ಮೆಲಿಂಡಾ

ಮರೆತಿದ್ದೆ: ಇದರೊಳಗೆ ಬಟ್ಟೆಚೂರಿನಲ್ಲಿ ಸುತ್ತಿರುವುದನ್ನು ಕಲ್ಲೆಂದು ಎಸೆದುಬಿಟ್ಟೀಯೆ. ರಜೆಗೆಂದು ನನ್ನ ಬಳಿ ಬಿಟ್ಟುಹೋದೆಯಲ್ಲ, ನಿನ್ನ ಮಗಳು ಲುವಾನಾ, ಅವಳದು. ಭಾನುವಾರ ಬೆಲ್ಲದಚ್ಚು ಕಚ್ಚಿದಳು, ಬಿತ್ತು. ಪಕ್ಕದ್ದೂ ಅಲ್ಲಾಡುತ್ತಿದೆ. ಮಾಡಿನ ಮೇಲೆ ಎಸೆಯದೆ ನಿನಗೇ ಕಳಿಸಿದ್ದೇನೆ. ಈ ಸಲದ ಕಿರೀಟ ಅವಳಿಗೆ. ಅವಳು ನಿನ್ನ ಹಾಗಲ್ಲ: ನಿನ್ನೆ ಹಾಕಿದ ಶಿಳ್ಳೆಗೆ ಜಸಿಂತೊ ಏಣಿಯಿಂದಿಳಿದು ಊಟದ ತಟ್ಟೆ ಹುಡುಕಿದ. ಕಂಬಿಂದಾಳ ಮುಖ ಹೇಗಿತ್ತೋ ಎಂದು ತಲೆ ಕೆಡಿಸಿಕೊಳ್ಳಬೇಡ, ಬಂದು ಮಗಳನ್ನು ನೋಡಿ ಬರೆ. ಮುಂದಿನ ತಿಂಗಳು ಕಾಲಿಡುವ ಮೊದಲು ನಿನ್ನ ಉತ್ತರ ಇಲ್ಲಿರಬೇಕು, ಆ ಸಂದಿಯಲ್ಲಿ ಹೊಸ ಹಲ್ಲು ಇಣುಕುವುದರೊಳಗೆ.